ಎಡಗಾಲೋ, ಬಲಗಾಲೋ?

ನಾನು ಓಟಗಾರ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬರಹ ಮುಗಿಯುವ ಹೊತ್ತಿಗೆ ನೀವು ನಂಬುವ ಸ್ಥಿತಿಯಲ್ಲಿ ಇರುವುದಿಲ್ಲ! ಕಾಲೇಜಿನಲ್ಲಿ ಎಂಟುನೂರು ಮೀಟರ್ ಓಟದ ಕಪ್ ಗೆದ್ದವಳು ನಾನು. ಆ ಕಪ್ ಈಗಲೂ ಮನೆಯ ಶೋಕೇಸಿನಲ್ಲಿ ವಿರಾಜಮಾನವಾಗಿದೆ. ಅದರೊಳಗೆ ಒಂದು ಸ್ಕ್ರೂಡ್ರೈವರ್, ಎರಡು ಸತ್ತ ಬ್ಯಾಟರಿ ಮತ್ತು ಮಗಳ ನೇಲ್ ಕಟರ್ ಇವೆ, ಅಷ್ಟೆ.

ಮಗಳಿಗೆ ಹದಿನಾರು ತಿಂಗಳು. ನಿಂತಲ್ಲಿ ನಿಲ್ಲದೆ ಗಿರಗಿರ ಸುತ್ತುವುದರಿಂದ ಮನೆಯಲ್ಲಿ ಅವಳನ್ನು ಕರೆಯುವುದೇ ಬುಗುರಿ ಎಂದು. ಅವಳನ್ನು ಅತ್ತೆಯ ಕೈಗೊಪ್ಪಿಸಿ ಆಫೀಸಿಗೆ ಮರಳಿದ ಮೊದಲ ವಾರವೇ ನೋಟಿಸ್ ಬೋರ್ಡಿನಲ್ಲಿ ಸಿಬ್ಬಂದಿಯ ಐದು ಕಿಲೋಮೀಟರ್ ಓಟದ ಪಟ್ಟಿ ಅಂಟಿಸಿದ್ದರು. ನಾನು ಪೆನ್ನು ತೆಗೆಯುವುದಕ್ಕೂ ಪಕ್ಕದ ಟೇಬಲ್ಲಿನ ಮಹಾಶಯರು ಬಾಯಿ ತೆಗೆಯುವುದಕ್ಕೂ ಸರಿಹೋಯಿತು.

"ಪ್ರೇಕ್ಷಕರ ಕುರ್ಚಿ ಆ ಕಡೆ ಇರುತ್ತೆ ಮೇಡಂ. ಪುಟ್ಟ ಮಕ್ಕಳಿರೋರಿಗೆ ಮುಂದಿನ ಸಾಲೇ ಕೊಡ್ತಾರಂತೆ!"

ಎಲ್ಲರ ಹೆಸರಿಗಿಂತ ದಪ್ಪಕ್ಷರದಲ್ಲಿ ನನ್ನ ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಓಟಕ್ಕೆ ಹತ್ತು ವಾರವಿತ್ತು. ಮನೆಗೆ ಬಂದು ಘೋಷಿಸಿದಾಗ ಪತಿರಾಯರು ಟವೆಲ್ ಮಡಿಸುವುದನ್ನು ನಿಲ್ಲಿಸಿದರು.

"ಐದು ಕಿಲೋಮೀಟರಾ? ಮೊನ್ನೆ ಲಿಫ್ಟ್ ಕೆಟ್ಟಾಗ ಎರಡನೇ ಮಹಡಿ ಹತ್ತೋಕೆ ಮಧ್ಯದಲ್ಲಿ ಕೂತ್ಕೊಂಡೆ."

"ಮಗು ಎತ್ಕೊಂಡಿದ್ದೆ ರೀ!"

"ಮಗು ನನ್ನ ಕೈಲಿತ್ತು ಕಣೇ."

ಇಂಥ ಸಣ್ಣಪುಟ್ಟ ಸಾಕ್ಷ್ಯಗಳಿಗೆಲ್ಲ ಅಂಜುವವಳೇ ನಾನು? ಅಟ್ಟದಿಂದ ಏಳು ವರ್ಷದ ಹಿಂದಿನ ಶೂ ಇಳಿಸಿದೆ. ಧೂಳು ಕೊಡವಿದೆ. ವೀರವನಿತೆ ಸಜ್ಜಾದಳು!

ಅರ್ಧ ಕಿಲೋಮೀಟರ್ ದೂರದಲ್ಲಿ ಪಾರ್ಕ್ ಇದೆ. ಮೆತ್ತನೆಯ ಮಣ್ಣಿನ ದಾರಿಯೂ ಇದೆ. ಆದರೆ ಅಷ್ಟು ದೂರ ಮಗುವನ್ನು ಬಿಟ್ಟು ಹೋಗುವುದು ಹೇಗೆ? ಆಫೀಸಿಗೆ ಹೋಗುವುದು ಬೇರೆ ಮಾತು, ಅದಕ್ಕೆ ಸಂಬಳ ಕೊಡುತ್ತಾರೆ. ನನ್ನ ಸಂತೋಷಕ್ಕೆಂದು ಓಡುತ್ತಿರುವಾಗಲೇ ಅವಳು ಗುಂಡಿ ನುಂಗಿದರೆ? ಬಾತ್‌ರೂಮಿನೊಳಗೆ ಹೋಗಿ ಚಿಲಕ ಹಾಕಿಕೊಂಡರೆ? (ಚಿಲಕ ಅವಳಿಗೆ ಎಟುಕುವುದಿಲ್ಲ. ಆದರೆ ಅವತ್ತೇ ಎಟುಕಿದರೆ?) ಆದ್ದರಿಂದ ನಮ್ಮ ಕಟ್ಟಡದ ಸುತ್ತಲಿನ ಕಾಂಕ್ರೀಟ್ ಪಾರ್ಕಿಂಗಿನಲ್ಲೇ ಓಡುವುದೆಂದು ತೀರ್ಮಾನಿಸಿದೆ. ಪ್ರತಿ ಸುತ್ತಿಗೂ ಅತ್ತೆ ಬಾಲ್ಕನಿಯಲ್ಲಿ ಮಗುವನ್ನೆತ್ತಿ ತೋರಿಸಬೇಕು, ನಾನು ನೋಡಿ ಮುಂದಕ್ಕೆ ಓಡಬೇಕು. ಮೊದಲ ದಿನ ನಲವತ್ತು ಸುತ್ತು! ವಾರ ಕಳೆಯುವಷ್ಟರಲ್ಲಿ ತೊಂಬತ್ತು!

"ಏನಾದ್ರೂ ಕಳ್ಕೊಂಡ್ರಾ ಮೇಡಂ?" ಎಂದು ವಾಚ್‌ಮನ್ ಕನಿಕರದಿಂದ ಕೇಳಿದ.

ಕಳೆದುಕೊಂಡದ್ದು ಎರಡನೇ ವಾರ ಗೊತ್ತಾಯಿತು. ಬಲಗಾಲಿನ ಕಣಕಾಲ ಮೂಳೆಯ ಒಳಬದಿ, ಮೊಣಕಾಲಿನ ಕೆಳಗಿನಿಂದ ಪಾದದವರೆಗೆ, ಯಾರೋ ಒಳಗೆ ಕೂತು ಗರಗಸ ಎಳೆದಂತೆ ನೋವು! ಬೆಳಿಗ್ಗೆ ಹಾಸಿಗೆಯಿಂದಿಳಿದರೆ ನೆಲವೇ ಕಚ್ಚುತ್ತಿತ್ತು. ಹೇಳುವುದು ಯಾರಿಗೆ? ಹೇಳಿದರೆ ನನ್ನ ಹೆಸರು ದಪ್ಪಕ್ಷರದಿಂದ ನೇರ ಕುರ್ಚಿಗೆ! ಎಂಟುನೂರು ಮೀಟರಿನ ಹುಡುಗಿ ಮುಗಿದೇ ಹೋದಳು ಎಂದು ನಾನೇ ಸಹಿ ಹಾಕಿಕೊಟ್ಟಂತೆ. ಗುಟ್ಟಾಗಿ ಫ್ರೀಜರಿನ ಬಟಾಣಿ ಪೊಟ್ಟಣವನ್ನು ಕಾಲುಚೀಲದೊಳಗೆ ತೂರಿಸಿ, ಮೇಲೆ ದೊಗಳೆ ಪ್ಯಾಂಟ್ ಹಾಕಿಕೊಂಡು ಓಡಾಡಿದೆ.

"ಬಟಾಣಿ ಎಲ್ಲೇ?"

"ಮುಗೀತು ರೀ," ಎಂದೆ, ಕಾಲಿನಿಂದ ನೀರು ತೊಟ್ಟಿಕ್ಕುತ್ತಿರುವಾಗ.

ಓಟವನ್ನಂತೂ ಬಿಡಲಿಲ್ಲ. ನೋವು ಕೂಡ ನನ್ನನ್ನು ಬಿಡಲಿಲ್ಲ. ಹೀಗೆ ಮೂರನೇ ವಾರ ಬಂತು. ಆಗ ನಡೆಯಿತು ನೋಡಿ ಅನಾಹುತ!

ಒಂದು ಭಾನುವಾರ ನಾನು ಅಡುಗೆಮನೆಯಿಂದ ಹಾಲಿಗೆ ಬಂದೆ. ಬುಗುರಿ ಎದುರಿನಿಂದ ಬಂದಳು. ಟಪ್... ಟಪಕ್. ಟಪ್... ಟಪಕ್. ಎಡಗಾಲನ್ನು ಎಳೆದುಕೊಂಡು!

"ರೀ! ಮಗು ಕುಂಟ್ತಿದೆ ರೀ! ಎಡಗಾಲು!"

ಪತಿರಾಯರು ಸೋಫಾದಿಂದ ದಡಕ್ಕನೆ ಎದ್ದರು. "ಬೆಳಿಗ್ಗೆಯಿಂದ ನಾನೂ ನೋಡ್ತಿದೀನಿ. ನೀನು ಗಾಬರಿಯಾಗ್ತೀಯ ಅಂತ ಹೇಳಲಿಲ್ಲ. ಆದ್ರೆ ಅದು ಬಲಗಾಲು."

"ಎಡಗಾಲು! ಹೆತ್ತವಳಿಗೆ ಗೊತ್ತಾಗಲ್ವಾ?"

"ಸೋಫಾ ಮೇಲೆ ಕೂತು ಹಿಂದಿನಿಂದ ನೋಡಿದೀನಿ ಕಣೇ. ಬಲಗಾಲೇ!"

ಹಾಗಾದರೆ ಎರಡೂ ಕಾಲು! ಮೊಬೈಲ್ ತೆಗೆದು ಹುಡುಕಿದೆ. ಐದು ನಿಮಿಷದಲ್ಲಿ ಹನ್ನೊಂದು ಕಾಯಿಲೆ ಸಿಕ್ಕವು, ಅದರಲ್ಲಿ ಎಂಟರ ಹೆಸರು ಓದಲಿಕ್ಕೇ ಬರಲಿಲ್ಲ. ಅತ್ತೆ ಮಾತ್ರ ಮಗುವಿನ ಊಟದ ಬಟ್ಟಲು ತೊಳೆಯುತ್ತಾ ತಣ್ಣಗೆ ಹೇಳಿದರು: "ನನ್ನ ಹತ್ರ ಇರುವಾಗ ಚೆನ್ನಾಗೇ ನಡೀತಾಳಲ್ಲಮ್ಮಾ."

ಚುಚ್ಚು ಮಾತು! ತಾಯಿಯಾಗಿ ನಾನು ಸೋತೆ ಎಂದು ಅದರ ಅರ್ಥ ತಾನೇ? ಆ ಇಡೀ ದಿನ ಹರಕೆ ಹೊತ್ತವಳಂತೆ ಮಗುವಿನ ಹಿಂದೆ ಮುಂದೆ ಸುಳಿದೆ. ನಾನು ಸುಳಿದಷ್ಟೂ ಅವಳ ಕುಂಟು ಜೋರಾಯಿತು! ಅವಳಿಗೆ ಏನೂ ಆಗದಿದ್ದರೆ ಸಾಕು, ಈ ಜನ್ಮದಲ್ಲಿ ಶೂ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಮಕ್ಕಳ ಡಾಕ್ಟರ ಮುಂದೆ ನಾವು ನಾಲ್ವರೂ ಹಾಜರು. ಡಾಕ್ಟರು ಮಗುವಿನ ಸೊಂಟ, ಮೊಣಕಾಲು, ಪಾದ ಎಲ್ಲ ತಿರುಗಿಸಿ ನೋಡಿದರು. ಬುಗುರಿ ಕಿಲಕಿಲ ನಕ್ಕಳು.

"ಎಲ್ಲ ಸರಿಯಾಗಿದೆಯಲ್ಲ. ಯಾವ ಕಾಲು?"

"ಎಡ!" "ಬಲ!" ಎಂದು ದಂಪತಿಗಳು ಒಕ್ಕೊರಲಿನಿಂದ ಕೂಗಿದೆವು.

ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. "ಅಜ್ಜಿ ಕೈ ಹಿಡ್ಕೊಂಡು ನಡೆಸಲಿ."

ಅತ್ತೆ ನಡೆಸಿದರು. ಬುಗುರಿ ರಾಜಕುಮಾರಿಯ ಹಾಗೆ ನೆಟ್ಟಗೆ ನಡೆದಳು. ಮೋಸಗಾತಿ!

"ಈಗ ಅಮ್ಮ ಮುಂದೆ ಹೋಗಿ. ಮಗು ಹಿಂದೆ ಬರಲಿ."

ನಾನು ಕಾರಿಡಾರಿನುದ್ದಕ್ಕೂ ನಡೆದೆ. ಹಿಂದೆ ಟಪ್... ಟಪಕ್. ತಿರುಗಿ ನೋಡಿದರೆ ಡಾಕ್ಟರು ಬಾಗಿಲಿಗೆ ಒರಗಿ, ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಲುಕಿಸುತ್ತಿದ್ದಾರೆ!

"ಅಮ್ಮಾ, ಮಗುಗೆ ಏನೂ ಆಗಿಲ್ಲ. ಕುಂಟ್ತಿರೋರು ನೀವು! ಹಿಂದೆ ಬಂದ್ರೆ ನಿಮ್ಮ ಹಾಗೇ ಬಲಗಾಲು ಎಳೀತಾಳೆ. ಎದುರಿಗೆ ಬಂದ್ರೆ ಕನ್ನಡಿ ಥರ ಎಡಗಾಲು. ನಡೆಯೋದು ಅಂದ್ರೆ ಹೀಗೇ ಅಂತ ಕಲ್ತಿದಾಳೆ ಪಾಪ!"

ಪತಿರಾಯರು ನಿಧಾನವಾಗಿ ನನ್ನ ಕಾಲಿನ ಕಡೆ ನೋಡಿದರು.

"ಬಟಾಣಿ..." ಎಂದರು.

"ನಾನು ಮಕ್ಕಳ ಡಾಕ್ಟರು. ಆದ್ರೂ ಈ ಮಗುನೂ ನೋಡಿಬಿಡ್ತೀನಿ, ಕಾಲು ಕೊಡಿ," ಎಂದು ಡಾಕ್ಟರು ನನ್ನ ಕಣಕಾಲು ಒತ್ತಿದರು. "ನೋವು ಒಂದೇ ಚುಕ್ಕೆಲೋ, ಉದ್ದಕ್ಕೋ?"

"ಉದ್ದಕ್ಕೂ! ಅಯ್ಯಯ್ಯೋ!"

"ಒಂದೇ ಚುಕ್ಕೆ ಆಗಿದ್ರೆ ಮೂಳೆ ಬಿರುಕೇನೋ ಅಂತ ನೋಡಬೇಕಿತ್ತು. ಫಿಸಿಯೋ ಹತ್ರ ಹೋಗಿ." ಅಳದೆ ತೋರಿಸಿಕೊಂಡದ್ದಕ್ಕೆ ನನಗೂ ಒಂದು ನಕ್ಷತ್ರದ ಸ್ಟಿಕ್ಕರ್ ಅಂಟಿಸಿ ಕಳಿಸಿದರು.

ಫಿಸಿಯೋ ನನಗಿಂತ ಚಿಕ್ಕ ಹುಡುಗಿ. ಪ್ರಶ್ನೆಗಳು ಮಾತ್ರ ಪೊಲೀಸರದು.

"ದಿನಕ್ಕೆ ತೊಂಬತ್ತು ಸುತ್ತು? ಕಾಂಕ್ರೀಟ್ ಮೇಲೆ? ಒಂದೇ ದಿಕ್ಕಿಗೆ?"

"ಬಾಲ್ಕನಿ ಆ ಕಡೆಯಿಂದ ಬಂದ್ರೆ ಮಾತ್ರ ಕಾಣುತ್ತೆ..."

"ಕಾಲಿನ ಪುಣ್ಯ, ತಲೆ ತಿರುಗಿ ಬೀಳಲಿಲ್ಲ ನೀವು!"

ಶೂ ಕಸದ ಬುಟ್ಟಿಗೆ ಹೋಯಿತು. ಎರಡು ವಾರ ಓಟ ಬಂದ್. ದಿನಾ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ. ಆಮೇಲೆ ಹೊಸ ಶೂ, ಪಾರ್ಕಿನ ಮಣ್ಣಿನ ದಾರಿ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಕೈಗಡಿಯಾರ ಪೀಂ ಎಂದಾಗ ಬದಲಾಯಿಸಬೇಕು. ನೋವು ಬಂದರೆ ಅಲ್ಲೇ ನಿಲ್ಲಬೇಕು. ಕೊನೆಯ ಔಷಧಿಯೇ ಕಹಿ: "ಮಗುನ ಮನೇಲಿ ಬಿಟ್ಟು ಹೋಗಿ."

ಬಿಟ್ಟೆ! ಮೊದಲ ದಿನ ಓಡುವ ನಿಮಿಷದಲ್ಲಿ ಓಡಿದೆ, ನಡೆಯುವ ನಿಮಿಷದಲ್ಲಿ ಮನೆಗೆ ಫೋನ್ ಮಾಡಿದೆ. ಆರನೇ ಫೋನಿಗೆ ಅತ್ತೆ ಏದುಸಿರು ಬಿಡುತ್ತಾ ಎತ್ತಿದರು. "ಮಗು ಚೆನ್ನಾಗಿದಾಳಮ್ಮಾ. ಬಟ್ಟಲು ಹಿಡ್ಕೊಂಡು ಅವಳ ಹಿಂದೆ ಓಡ್ಲಾ, ಫೋನ್ ಹಿಂದೆ ಓಡ್ಲಾ?" ಅವತ್ತಿನಿಂದ ಫೋನನ್ನು ಮನೆಯಲ್ಲೇ ಬಿಟ್ಟೆ. ಇದು ನನ್ನ ಬಾಳಿನ ಅತ್ಯುನ್ನತ ಸಾಧನೆ; ಕಪ್ ಕೊಡುವವರಿಲ್ಲ, ಅಷ್ಟೆ. ಬುಗುರಿಯ ಕುಂಟು ನನ್ನ ಕುಂಟಿನ ಜೊತೆಗೇ ಹೋಯಿತು. ಬದಲಿಗೆ ಹೊಸದೊಂದು ಶುರುವಾಯಿತು: ಮೆಟ್ಟಿಲ ವ್ಯಾಯಾಮದ ಲೆಕ್ಕಕ್ಕೂ ಅದೇ ಗಡಿಯಾರ ಇಡುತ್ತಿದ್ದೆ, ಆ ಹೊತ್ತಿಗೇ ಅಜ್ಜಿ ಊಟದ ಬಟ್ಟಲು ತರುತ್ತಿದ್ದುದರಿಂದ, ಪೀಂ ಎಂದರೆ ಸಾಕು, ಬುಗುರಿ ತುತ್ತಿಗೆ ಹೆದರಿ ಎದ್ದೆನೋ ಬಿದ್ದೆನೋ ಎಂದು ಪರಾರಿ!

ಓಟದ ದಿನ ಬಂತು. ಪೀಂ ಎಂದರೆ ಓಡಿದೆ, ಪೀಂ ಎಂದರೆ ನಡೆದೆ. ಎಲ್ಲರೂ ದಾಟಿ ಹೋದರು, ಹೋಗಲಿ! ನಾಲ್ಕನೇ ಕಿಲೋಮೀಟರಿನಲ್ಲಿ ರಸ್ತೆ ಪಕ್ಕದ ಕಲ್ಲಿನ ಮೇಲೆ ಕಾಲು ಹಿಡಿದು ಕೂತಿದ್ದವರು ಯಾರು? ಪಕ್ಕದ ಟೇಬಲ್ಲಿನ ಮಹಾಶಯರು!

"ಒಂದೇ ಚುಕ್ಕೆಲೋ, ಉದ್ದಕ್ಕೋ?" ಎಂದೆ.

"ಉದ್ದಕ್ಕೂ ಮೇಡಂ..."

"ಹಾಗಿದ್ರೆ ಭಯ ಇಲ್ಲ. ಪ್ರೇಕ್ಷಕರ ಕುರ್ಚಿ ಆ ಕಡೆ ಇದೆ ಸಾರ್!"

ಎದೆಯುಬ್ಬಿಸಿ ಮುಂದೆ ಸಾಗಿದೆ. ಗುರಿ ಕಂಡಿತು. ಕಾಲಿನಲ್ಲಿ ಎಳ್ಳಷ್ಟೂ ನೋವಿಲ್ಲ! ಗೆರೆಗೆ ಇಪ್ಪತ್ತೇ ಹೆಜ್ಜೆ. ಹಗ್ಗದಾಚೆ ಪತಿ, ಅತ್ತೆ, ಬುಗುರಿ. ಆಗಲೇ ಗಡಿಯಾರ ಪೀಂ ಎಂದಿತು. ನಡಿಗೆಯ ಸರದಿ! ಶಿಸ್ತಿನ ಸಿಪಾಯಿ ನಾನು. ನಡೆದೆ.

"ಓಡೇ! ಇನ್ನಿಪ್ಪತ್ತೇ ಹೆಜ್ಜೆ!" ಎಂದು ಪತಿರಾಯರು ಕೂಗಿದರು. ಕೂಗಲು ಕೈ ಎತ್ತಿದರಲ್ಲ, ಆ ಕೈಯಲ್ಲೇ ಇದ್ದದ್ದು ಬುಗುರಿಯ ಕೈ.

ಪೀಂ ಕೇಳಿದ ಬುಗುರಿ ಹಗ್ಗದಡಿ ನುಸುಳಿ ಬಿಟ್ಟ ಬಾಣವಾದಳು! ನಾನು ಗಂಭೀರವಾಗಿ ನಡೆಯುತ್ತಿರುವಂತೆಯೇ ನನ್ನ ಮುಂದಿನಿಂದ ತಡತಡ ಓಡಿ ಗೆರೆ ದಾಟಿದಳು. ಚಪ್ಪಾಳೆಯೋ ಚಪ್ಪಾಳೆ! ಅಲ್ಲಿ ನಿಂತಿದ್ದವರು ನಗುನಗುತ್ತಾ ಕೈಲಿದ್ದ ಪದಕವನ್ನು ಅವಳ ಕೊರಳಿಗೇ ಹಾಕಿಬಿಟ್ಟರು. ಅದೇ ಕೊನೆಯ ಪದಕವಂತೆ!

ಅಲ್ಲಿಯೇ ನೆಲಕ್ಕೆ ಕೂತು ಅವಳನ್ನು ಅಪ್ಪಿಕೊಂಡೆ. "ನೋಡಿದ್ರಾ ಅತ್ತೆ? ಓಟಗಾರ್ತಿಯ ಮಗಳು! ರಕ್ತದಲ್ಲೇ ಬಂದಿದೆ!"

ಅತ್ತೆ ಬ್ಯಾಗಿನಿಂದ ಬಟ್ಟಲು, ಚಮಚ ತೆಗೆಯುತ್ತಾ ಹೇಳಿದರು:

"ಕುಂಟೋದು ನಿನ್ನ ನೋಡಿ ಕಲಿತಳು ಕಣಮ್ಮಾ. ಓಡೋದು ಕಲಿಸಿದ್ದು ಈ ಬಟ್ಟಲು!"