ಕಾಯುವ ಅವಧಿಯಲ್ಲಿ ಯಾರೂ ಕಾಯಿಲೆ ಬೀಳಬಾರದು

ನಮ್ಮ ಭಾವ ಮೂವತ್ತನೆಯ ವಯಸ್ಸಿನಿಂದ ನಿವೃತ್ತರಾಗುತ್ತಲೇ ಇದ್ದಾರೆ. ಇನ್ನೂ ಆಗಿಲ್ಲ! ಬೇರೆಯವರಿಗೆ ನಿವೃತ್ತಿ ಅನ್ನುವುದು ಒಂದು ಸಂಜೆಯಲ್ಲಿ ಹಾರ, ಶಾಲು, ಒಂದು ಗೋಡೆ ಗಡಿಯಾರದ ಜೊತೆ ಮುಗಿದುಹೋಗುವ ಸಂಗತಿ. ನಮ್ಮ ಭಾವನಿಗೆ ಮಾತ್ರ ಅದು ಜೀವಮಾನದ ಉದ್ಯೋಗ. ಬೆಂಗಳೂರಿನ ಕಾರ್ಖಾನೆಯಲ್ಲಿ ಅವರು ಮಾಡುವ ಕೆಲಸವಿದೆಯಲ್ಲ, ಅದು ಬಿಡುವಿನ ವೇಳೆಯ ಹವ್ಯಾಸ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಬಂಗಾರಪೇಟೆಯಲ್ಲಿ, ಸ್ಟೇಷನ್ನಿಗೆ ಹತ್ತಿರ. ಬೆಳಕು ಹರಿಯುವ ಮುಂಚೆ ರೈಲು ಹತ್ತಿ, ಕತ್ತಲಾದ ಮೇಲೆ ಇಳಿಯುತ್ತಾರೆ. ರೈಲಿಗೆ ಮುಂಚೆ ಸಿಗುವ ಹೊತ್ತನ್ನೂ ಹಾಳುಮಾಡುವುದಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ವಾಕಿಂಗಿಗೆ ಬರುವ ನಿವೃತ್ತರನ್ನು ಹಿಡಿದು ಕೂರಿಸಿಕೊಂಡು ವಿಚಾರಣೆ ಮಾಡುತ್ತಾರೆ.

"ಸ್ವಾಮಿ, ಬೆಳಗ್ಗೆ ಹನ್ನೊಂದು ಗಂಟೆಗೆ ಏನು ಮಾಡ್ತೀರಾ?"

"ಹನ್ನೆರಡಾಗಲಿ ಅಂತ ಕಾಯ್ತೀನಿ" ಎಂದರಂತೆ ಒಬ್ಬ ನಿವೃತ್ತ ಮೇಷ್ಟ್ರು.

ಭಾವ ಆ ದಿನವಿಡೀ ಯೋಚನೆಯಲ್ಲಿದ್ದರು. ರಾತ್ರಿ ಮನೆಗೆ ಬಂದವರೇ ಅಕ್ಕನನ್ನು ಕೇಳಿದರು, "ಹನ್ನೊಂದರಿಂದ ಹನ್ನೆರಡರವರೆಗೆ ನೀನೇನು ಮಾಡ್ತೀಯ?"

"ಖಾರ ರುಬ್ಬಿ ಸಾರಿಗೆ ಕೂಡಾಕ್ತೀನಿ. ನಿಮಗೂ ಕಲಿಸ್ಲಾ?"

ಭಾವ ಮಾತು ಬದಲಾಯಿಸಿದರು.

ಐವತ್ತಕ್ಕೇ ಕೆಲಸ ಬಿಡಬೇಕು ಅನ್ನುವುದು ಅವರ ಹಟ. ಬರೀ ಹಟವಲ್ಲ, ಅದಕ್ಕೆ ತಾಲೀಮು ಬೇರೆ! ವರ್ಷಕ್ಕೊಂದು ತಿಂಗಳು ಸಂಬಳವನ್ನು ಮುಟ್ಟದೆ, ಮುಂದೆ ಕೈಗೆ ಬರಬಹುದಾದ ಬಡ್ಡಿಯಷ್ಟರಲ್ಲೇ ಮನೆ ನಡೆಸಿ ನೋಡುವುದು. ಆ ತಿಂಗಳು ಬಂದವರಿಗೆ ಅರ್ಧ ಲೋಟ ಕಾಫಿ. ಸ್ಕೂಟರಿಗೆ ರಜೆ. ನಮ್ಮಮ್ಮ ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಮಗಳ ಮನೆಗೆ ಬರುವ ಮುಂಚೆ ಫೋನಿನಲ್ಲಿ ಕೇಳಿಕೊಳ್ಳುತ್ತಿದ್ದಳು: "ನಿನ್ನ ಗಂಡ ಈಗ ಕೆಲಸದಾಗವ್ನಾ, ನಿವೃತ್ತಿಯಾಗವ್ನಾ? ನಿವೃತ್ತಿಯಾಗಿದ್ರೆ ಬರೋ ತಿಂಗಳು ಬತ್ತೀನಿ ಬುಡು."

ತಾಲೀಮು ಪ್ರತಿ ಸಲವೂ ಭರ್ಜರಿಯಾಗಿ ಯಶಸ್ವಿಯಾಗುತ್ತಿತ್ತು. ಕೊನೆಯ ದಿನ ಭಾವ ಎದೆಯುಬ್ಬಿಸಿ, "ನೋಡಿದ್ರಾ? ಇಷ್ಟರಲ್ಲೇ ಆಯ್ತು, ಮೇಲೆ ಸ್ವಲ್ಪ ಉಳೀತು!" ಅನ್ನುತ್ತಿದ್ದರು. ನಾವೂ ಹೌದೆಂದು ತಲೆದೂಗುತ್ತಿದ್ದೆವು. ಹೀಗೆ ವರ್ಷಗಳೇ ಕಳೆದ ಮೇಲೆ ಒಂದು ದಿನ ಅಕ್ಕ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಕೇಳಿದಳು.

"ನೀವು ತಾಲೀಮು ಮಾಡೋದು ಯಾವ ತಿಂಗಳಲ್ಲಿ?"

"ಆಷಾಢದಲ್ಲಿ. ಯಾಕೆ?"

"ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನಾಮಕರಣ ಇಲ್ಲ. ಯಾರಿಗೂ ಮುಯ್ಯಿ ಮಾಡೋ ಹಂಗಿಲ್ಲ. ನೀವು ನಿವೃತ್ತಿಯಾದ ಮೇಲೆ ವರ್ಷವೆಲ್ಲಾ ಆಷಾಢ ಇರ್ತದಾ?"

ಭಾವನ ಮುಖ ನೋಡಬೇಕಿತ್ತು! ಷೇರು, ಬಡ್ಡಿ, ಬೆಲೆಯೇರಿಕೆ ಎಲ್ಲವನ್ನೂ ಹಿಡಿದು ಲೆಕ್ಕ ಹಾಕಿದ್ದ ಮನುಷ್ಯ, ನಮ್ಮ ಸೀಮೆಯಲ್ಲಿ ಸಂಸಾರದ ಅರ್ಧ ದುಡ್ಡು ಮದುವೆ ಮನೆಯ ಕವರುಗಳಲ್ಲಿ ಹೋಗುತ್ತದೆ ಅನ್ನುವುದನ್ನೇ ಮರೆತಿದ್ದರು. ಆ ವರ್ಷವೇ ಅವರು ಐವತ್ತನ್ನು ಐವತ್ತಮೂರು ಮಾಡಿದರು.

ಇಷ್ಟೆಲ್ಲ ನಕ್ಕಿದ್ದೇವೆ ನಿಜ. ಆದರೆ ಈ ಹುಚ್ಚು ಎಲ್ಲಿಂದ ಬಂತು ಅನ್ನುವುದನ್ನು ಭಾವ ಒಮ್ಮೆ ನನಗೆ ಹೇಳಿದ್ದಾರೆ. ಅವರು ಹುಟ್ಟಿದ್ದು ಕೆ.ಜಿ.ಎಫ್.ನ ಗಣಿ ಕಾರ್ಮಿಕರ ಲೈನು ಮನೆಯಲ್ಲಿ. ಅಪ್ಪ ನೆಲದೊಳಗೆ ಇಳಿದು ದುಡಿದವರು. ಲೈನಿನವರಿಗೆ ಗಣಿಯ ಆಸ್ಪತ್ರೆ ಪುಕ್ಕಟೆ. ಹೆರಿಗೆಯಿರಲಿ, ಕೆಮ್ಮಿರಲಿ, ಹೋಗಿ ನಿಂತರೆ ಆಯಿತು.

"ನಮ್ಮಪ್ಪನಿಗೆ ಆಸ್ಪತ್ರೆ ಅಂದರೆ ಮನೆಯ ಹಿತ್ತಲ ಬಾಗಿಲು ಇದ್ದಂಗೆ ಕಣಮ್ಮಾ" ಎಂದರು ಭಾವ. "ಔಷಧಿಗೆ ದುಡ್ಡು ಎತ್ತಿಡಬೇಕು ಅನ್ನೋದು ನಮ್ಮ ಮನೇಲಿ ಯಾರಿಗೂ ಗೊತ್ತೇ ಇರಲಿಲ್ಲ. ಗಣಿ ಮುಚ್ಚಿತು, ಆಸ್ಪತ್ರೆಯೂ ಹೋಯಿತು. ಆಮೇಲೂ ಕೆಮ್ಮು ಜಾಸ್ತಿಯಾದಾಗ ಅಪ್ಪ ಅಭ್ಯಾಸಬಲದಲ್ಲಿ ಅಲ್ಲಿಗೇ ಹೋಗೋರು. ಗೇಟಿಗೆ ಬೀಗ. ಎದುರಿನ ಮೋರಿ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಕೂತು ವಾಪಸ್ ಬರೋರು. ಏನಂದ್ರು ಡಾಕ್ಟ್ರು ಅಂತ ಅಮ್ಮ ಕೇಳಿದ್ರೆ, ನಾಳೆ ಬಾ ಅಂದ್ರು ಅನ್ನೋರು."

ಅದನ್ನು ಹೇಳುವಾಗ ಭಾವ ನಗಲಿಲ್ಲ.

ಹಾಗಾಗಿ ಕೆಲಸ ಬಿಡುವ ಮುಂಚೆ ಅವರಿಗೆ ಬೇಕಾಗಿದ್ದದ್ದು ದುಡ್ಡಿಗಿಂತ ಹೆಚ್ಚಾಗಿ ಆರೋಗ್ಯ ವಿಮೆ. ಕಂಪನಿಯ ವಿಮೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರು. ಆದರೆ ಕೆಲಸ ಬಿಟ್ಟ ದಿನವೇ ಅದು ಮುಗಿಯುತ್ತದೆ. ಸ್ವಂತದ್ದೊಂದು ಇರಲಿ ಎಂದು ಏಜೆಂಟರನ್ನು ಮನೆಗೆ ಕರೆಸಿದರು. ಅವತ್ತು ನಾನೂ ಅಲ್ಲಿದ್ದೆ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಏಜೆಂಟರು ಪೆನ್ನು ಮೇಲೆತ್ತಿ ಮೆಲ್ಲಗೆ, "ಅಮ್ಮಾವ್ರಿಗೆ ಶುಗರ್ ಇರೋದು ಬರೆಯೋದು ಬೇಡ ಸಾರ್. ಕಂತು ಜಾಸ್ತಿಯಾಗ್ತದೆ. ಯಾರು ನೋಡ್ತಾರೆ?" ಎಂದರು.

"ಬರೀರಿ. ನಂದೂ ಬರ್ಕೊಳ್ಳಿ. ಚಿಕ್ಕವನಿದ್ದಾಗ ಹುಣಸೆಮರದಿಂದ ಬಿದ್ದಿದ್ದೀನಿ. ಎಡಗೈ."

"ಅದೆಲ್ಲಾ ಬೇಕಿಲ್ಲ ಸಾರ್."

"ಕಾಮಾಲೆ ಆಗಿತ್ತು. ಕಾಮಸಮುದ್ರದ ಕಡೆ ಒಬ್ಬರು ಸೊಪ್ಪು ಅರೆದು ಕೊಟ್ಟರು. ಆಮೇಲೆ ಒಂದು ಸಲ ಚೇಳು ಕಚ್ಚಿದೆ."

"ಸಾರ್, ಚೇಳಿಗೆ ಇದರಲ್ಲಿ ಜಾಗ ಇಲ್ಲ ಸಾರ್!"

"ಪಕ್ಕದಲ್ಲಿ ಬರೀರಿ. ನಾಳೆ ‘ನೀವು ಹೇಳಲೇ ಇಲ್ಲ’ ಅನ್ನಬಾರದು."

ಏಜೆಂಟರು ಸೋತು ಅಕ್ಕನ ಕಡೆ ತಿರುಗಿದರು. "ಅಮ್ಮಾ, ಹೆಣ್ಣು ನೋಡೋಕೆ ಬಂದಾಗಲೂ ಇವರು ಹಿಂಗೇ ಎಲ್ಲಾ ಹೇಳಿದ್ರಾ?"

"ಚೇಳಿನ ವಿಷಯ ಇವತ್ತೇ ಗೊತ್ತಾಗಿದ್ದು" ಎಂದಳು ಅಕ್ಕ.

ಎಲ್ಲ ಬರೆದಾದ ಮೇಲೆ ಏಜೆಂಟರು ನಿಯಮ ಹೇಳಿದರು. ಮೊದಲೇ ಇರುವ ಕಾಯಿಲೆಗೆ ಈ ವಿಮೆ ಕೂಡಲೇ ದುಡ್ಡು ಕೊಡುವುದಿಲ್ಲ. ಮೂರು ವರ್ಷ ಕಾಯಬೇಕು. ಅದು ಕಾಯುವ ಅವಧಿ. ಭಾವನಿಗೆ ಬೇಜಾರಾಗಲಿಲ್ಲ. ಈಗಲೇ ತೆಗೆದುಕೊಳ್ಳುವುದು, ಮೂರು ವರ್ಷ ಕೆಲಸದಲ್ಲೇ ಇದ್ದು ಕಾಯುವುದು, ಅವಧಿ ಮುಗಿದ ಮಾರನೆಯ ದಿನ ರಾಜೀನಾಮೆ! ಐವತ್ತಮೂರು ಐವತ್ತೈದಾಯಿತು.

ನೆಂಟರು ನಕ್ಕರು. "ಒಂದೇ ತಲೆಗೆ ಎರಡು ಕೊಡೆ ಯಾಕಯ್ಯಾ?"

"ಒಂದು ಕೊಡೆ ಕಂಪನಿಯದು. ನಾನು ಬಾಗಿಲು ದಾಟಿದ ತಕ್ಷಣ ಕಿತ್ಕೋತಾರೆ" ಅನ್ನುತ್ತಿದ್ದರು ಭಾವ. ಅದರ ಜೊತೆಗೆ ಮನೆಗೊಂದು ಕಾನೂನನ್ನೂ ಹೊರಡಿಸಿದರು. "ಕಾಯುವ ಅವಧಿ ಮುಗಿಯೋವರೆಗೆ ಈ ಮನೇಲಿ ಯಾರೂ ಕಾಯಿಲೆ ಬೀಳಂಗಿಲ್ಲ!" ಅಮ್ಮ ಸೀನಿದರೆ, "ಅತ್ತೆ, ನೀವು ಪಾಲಿಸಿಯಲ್ಲಿ ಇಲ್ಲ, ನೀವು ಸೀನಬಹುದು" ಅನ್ನುವರು. ಹಬ್ಬಕ್ಕೆ ಹೋದಾಗಲೆಲ್ಲ ಇದನ್ನು ಕೇಳಿ ನಾವು ನಗುತ್ತಿದ್ದೆವು. ಅಕ್ಕನೂ ನಗುತ್ತಿದ್ದಳು. ಅವಳು ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ, ಅದಕ್ಕೇ ಈಗ ಹೇಳುತ್ತಿದ್ದೇನೆ.

ಹೋದ ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಅಕ್ಕನ ಮನೆಗೆ ಹೋದೆ. ಇಬ್ಬರೂ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದೆವು. ಭಾವ ಹಿತ್ತಲಲ್ಲಿ ಸ್ಕೂಟರ್ ತೊಳೆಯುತ್ತಿದ್ದರು. ಅಕ್ಕ ಕಾಲಿಗೆ ಕಾಲುಚೀಲ ಹಾಕಿಕೊಂಡಿದ್ದಳು.

"ಇದೇನೇ, ಮನೆಯೊಳಗೆ?"

"ಚಳಿ ಕಣೇ."

ಚಳಿಯೇನೋ ಇತ್ತು. ಆದರೆ ಅವಳು ನೀರು ತರಲು ಎದ್ದು ಹೋದಾಗ, ಸಿಮೆಂಟು ನೆಲದ ಮೇಲೆ ಬಲಗಾಲು ಊರಿದ ಕಡೆಯೆಲ್ಲ ಒಂದೊಂದು ಒದ್ದೆ ಗುರುತು ಬಿತ್ತು. ಎಡಗಾಲಿನದು ಬೀಳಲಿಲ್ಲ. ವಾಪಸ್ ಬಂದು ಕೂತವಳ ಕಾಲನ್ನು ಹಿಡಿದು ನಾನೇ ಕಾಲುಚೀಲ ಎಳೆದೆ. ಕಿರುಬೆರಳು ಕಪ್ಪಾಗಿತ್ತು. ಅದರ ಪಕ್ಕದ್ದು ಅರ್ಧ ಕಪ್ಪು. ಮೇಲೆ ಅರಿಶಿನ ಮೆತ್ತಿದ್ದಳು.

ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಅವರಿಗೆ ಹೇಳಬೇಡ."

"ಹುಚ್ಚಾ ನಿಂಗೆ? ಎಷ್ಟು ದಿನ ಆಯ್ತು?"

"ನೋವೇ ಇಲ್ಲ ಕಣೇ. ಇನ್ನು ಎಂಟು ತಿಂಗಳು ಅಷ್ಟೇ. ಈಗ ನಾನು ಕಾಯಿಲೆ ಬಿದ್ರೆ ಆ ಕಾಯೋ ಅವಧಿ ಮತ್ತೆ ಮೊದಲಿಂದ ಶುರುವಾಗ್ತದೆ. ಇನ್ನೂ ಮೂರು ವರ್ಷ ಅವರು ಕತ್ತಲಲ್ಲೆದ್ದು ಆ ರೈಲಿಗೆ ಓಡಬೇಕು. ಆಗಲೇ ಮೆಟ್ಟಿಲು ಹತ್ತೋಕೆ ಏದುಸಿರು ಬಿಡ್ತಾರೆ. ನಾನು ತಡ್ಕೋತೀನಿ."

ನಾನು ಕೂಗಿದೆ. ಭಾವ ಒದ್ದೆ ಕೈಯಲ್ಲೇ ಒಳಗೆ ಬಂದರು. ಕಾಲು ನೋಡಿದರು. ಬನಿಯನ್ನಿನಲ್ಲೇ ಬೀದಿಗೆ ಓಡಿ ಆಟೋ ತಂದರು. ಯಾವ ಆಸ್ಪತ್ರೆಗೆ ಯಾವ ರಸ್ತೆ, ಯಾವ ಕೌಂಟರಿನಲ್ಲಿ ಯಾವ ಕಾರ್ಡು ಕೊಡಬೇಕು ಅನ್ನುವುದನ್ನೆಲ್ಲ ನಮಗೆ ಬಾಯಿಪಾಠ ಮಾಡಿಸಿದ್ದ ಮನುಷ್ಯ, ವಿಮೆಯ ಕಾರ್ಡನ್ನೇ ಮರೆತು ಹೊರಟಿದ್ದರು. ಅಂಗಿ, ಕಾರ್ಡು ಎರಡನ್ನೂ ತೆಗೆದುಕೊಂಡು ನಾನು ಹಿಂದೆಯೇ ಇನ್ನೊಂದು ಆಟೋದಲ್ಲಿ ಹೋದೆ.

ಕೋಲಾರದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಇನ್ನೊಂದು ವಾರ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು ಡಾಕ್ಟರು. ಖರ್ಚನ್ನು ಕಂಪನಿಯ ವಿಮೆ ಕೊಟ್ಟಿತು. ಭಾವ ಇನ್ನೂ ಕೆಲಸದಲ್ಲಿ ಇದ್ದರಲ್ಲ! ಅಕ್ಕ ಯಾಕೆ ಮುಚ್ಚಿಟ್ಟಿದ್ದಳು ಅನ್ನುವುದನ್ನು ಆ ರಾತ್ರಿ ನಾನೇ ಅವರಿಗೆ ಹೇಳಿದೆ.

ಮಾರನೆಯ ದಿನ ಅಕ್ಕನಿಗೆ ಪೂರ್ತಿ ಎಚ್ಚರವಾದ ಮೇಲೆ ಭಾವ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ತುಂಬಾ ಮೆಲ್ಲಗೆ ಕೇಳಿದರು.

"ಕಾಯಿಲೆ ಬಿದ್ರೆ ಅವಧಿ ಮೊದಲಿಂದ ಶುರುವಾಗಲ್ಲ ಕಣೇ. ಅದರ ಪಾಡಿಗೆ ಅದು ನಡೀತಿರ್ತದೆ. ಹಂಗಂತ ಯಾರು ಹೇಳಿದ್ದು ನಿಂಗೆ?"

"ನೀವೇ ಅಂದ್ರಲ್ಲ, ಯಾರೂ ಕಾಯಿಲೆ ಬೀಳಂಗಿಲ್ಲ ಅಂತ."

"ತಮಾಷೆಗೆ ಅಂದಿದ್ದು."

"ದುಡ್ಡಿನ ವಿಷಯದಲ್ಲಿ ನೀವು ಯಾವತ್ತು ತಮಾಷೆ ಮಾಡಿದ್ದೀರಿ?"

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಭಾವ ಅಕ್ಕನ ಹೊದಿಕೆ ಸರಿಮಾಡಿದರು. ಆಮೇಲೆ, "ಕೆಲಸ ಬಿಟ್ಟ ಮೇಲೆ ನಾನೇನು ಮಾಡಬೇಕು ಅಂತ ಊರಿನವರನ್ನೆಲ್ಲಾ ಕೇಳಿದೆ. ನಿಂಗೇನು ಬೇಕು?" ಎಂದರು.

ಅಕ್ಕ ಯೋಚನೆ ಮಾಡಲಿಲ್ಲ. ಉತ್ತರ ಬಹಳ ದಿನದಿಂದ ಸಿದ್ಧವಾಗಿದ್ದ ಹಾಗಿತ್ತು. "ಮಧ್ಯಾಹ್ನ ಒಬ್ಬಳೇ ಕೂತು ಉಂಡು ಸಾಕಾಗೈತೆ."

ಭಾವನ ಹತ್ತಿರ ರಜೆಗಳಿದ್ದವು. ಬಳಸದೆ ಉಳಿಸಿದರೆ ಕೊನೆಗೆ ದುಡ್ಡಾಗಿ ಕೊಡುತ್ತಾರೆಂದು, ಜ್ವರ ಬಂದರೂ ಕೆಲಸಕ್ಕೆ ಹೋಗಿ ಕೂಡಿಟ್ಟ ರಜೆ. ನಿವೃತ್ತಿಯ ಲೆಕ್ಕದಲ್ಲಿ ಅದೂ ಒಂದು ಬಾಬ್ತು. ಈಗ ಅದನ್ನು ಧಾರಾಳವಾಗಿ ಖರ್ಚು ಮಾಡುತ್ತಿದ್ದಾರೆ. ಕೆಲಸ ಇದ್ದೇ ಇದೆ, ವಿಮೆಯೂ ಇದೆ.

ಹೋದ ವಾರ ಹೋಗಿದ್ದೆ. ಮಧ್ಯಾಹ್ನ. ಅಕ್ಕ ಕಾಲನ್ನು ದಿಂಬಿನ ಮೇಲೆ ಚಾಚಿ ಕೂತಿದ್ದಳು. ಭಾವ ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನರ್ಸು ಹೇಳಿಕೊಟ್ಟ ಹಾಗೆ, ಉಳಿದ ಬೆರಳುಗಳ ಸಂದು ಸಂದನ್ನೂ ಒಣಬಟ್ಟೆಯಿಂದ ಒತ್ತಿದರು. ಆಮೇಲೆ ಕೈ ತೊಳೆದು, ತಾವೇ ತಿರುವಿದ ಮುದ್ದೆಯನ್ನು ತಂದು ತಟ್ಟೆಗಿಟ್ಟು, ಎದುರಿಗೆ ಕೂತರು.

ಅಕ್ಕ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು.

"ಗಂಟು."

"ನುಂಗು. ನಾಳೆ ಸರಿಯಾಗಿ ಮಾಡ್ತೀನಿ."

"ನಾಡಿದ್ದು?"

"ನಾಡಿದ್ದೂ."

ಅಕ್ಕ ಇನ್ನೊಂದು ತುತ್ತು ಮುರಿದಳು.