ಕಲಾವಿದರ ಮುಷ್ಟಿಯಲ್ಲಿ ಸಿಲುಕಿರುವ ಖಾತೆಯ ಕುರಿತು

ನಿಂತವರ ವಿಚಾರಣಾ ವಿಭಾಗ, ಹಲಸೂರು
ಸಂಖ್ಯೆ: ನಿಂವಿ/ಹಲ/ಚಪ್ಪಲಿ/2025-26

ವಿಷಯ: ಕಚೇರಿಯ ಸರದಿಯಲ್ಲಿ ಅಲುಗಾಡದೆ ನಿಲ್ಲುವ ಕಲಾಪ್ರದರ್ಶನದಿಂದ ಉಂಟಾದ ಗೊಂದಲ ನಿವಾರಿಸುವ ಬಗ್ಗೆ.

ಉಲ್ಲೇಖ: ಬಾಣಸವಾಡಿಯ ಶ್ರೀಮತಿ ಮುನಿಲಕ್ಷ್ಮಮ್ಮ ಇವರ ದೂರು (ಮೌಖಿಕ, ಬೀದಿಯವರೆಗೂ ಕೇಳಿಸಿದ್ದು).

ಪ್ರಸ್ತಾವನೆ:
ದೇಹದ ಸಹನೆಯ ಮಿತಿ ಪರೀಕ್ಷಿಸಲು ಇಡೀ ನಗರದಲ್ಲಿ ಈ ಕಚೇರಿಗಿಂತ ಸೂಕ್ತ ಸ್ಥಳವಿಲ್ಲವೆಂದು ಇಂದಿರಾನಗರದ ಕಲಾವಿದ ಶ್ರೀ ನಿತೀಶ್ ಮನವಿ ಸಲ್ಲಿಸಿದ್ದು, ಅದನ್ನು ಹೊಗಳಿಕೆಯೆಂದು ಭಾವಿಸಿ ಅನುಮತಿ ನೀಡಲಾಗಿತ್ತು. ಪ್ರದರ್ಶನದ ದಿನ ಮನೆಯ ಖಾತೆ ಪತ್ರಕ್ಕಾಗಿ ಬಂದಿದ್ದ ಮುನಿಲಕ್ಷ್ಮಮ್ಮನವರು ವಾಡಿಕೆಯಂತೆ ಸರದಿಯಲ್ಲಿ ಚಪ್ಪಲಿ ಬಿಟ್ಟು ನೆರಳಿಗೆ ಹೋಗಿದ್ದರು. ಕಲಾವಿದರು ಬರಿಗಾಲಲ್ಲಿ ಆ ಚಪ್ಪಲಿಯ ಹಿಂದೆಯೇ ನಿಂತಿದ್ದರಿಂದ, ಚಪ್ಪಲಿ ಅವರದೇ ಎಂದು ತಿಳಿದು ಖಾತೆಯನ್ನು ಅವರ ಕೈಗೆ ತುರುಕಲಾಯಿತು. ಬರಿಗಾಲಲ್ಲಿ ಓಡಿಬಂದ ಮುನಿಲಕ್ಷ್ಮಮ್ಮನವರಿಗೆ, ಕಲಾವಿದೆಯೆಂದು ತಿಳಿದು, ಶಾಲು ಹೊದಿಸಲಾಯಿತು.

ಪ್ರದರ್ಶನ ಮುಗಿಯುವವರೆಗೆ ಬೆರಳನ್ನೂ ಅಲುಗಿಸುವುದಿಲ್ಲವೆಂದು ಕಲಾವಿದರು ಪಣ ತೊಟ್ಟಿರುವುದರಿಂದ ಖಾತೆ ಅವರ ಮುಷ್ಟಿಯಲ್ಲೇ ಉಳಿದಿದೆ. ಖಾತೆಯಿಲ್ಲದೆ ಸದರಿ ಮನೆಗೆ ನಲ್ಲಿ ಸಂಪರ್ಕ ಸಿಗುವುದಿಲ್ಲ.

ಆದುದರಿಂದ ಸಿಬ್ಬಂದಿ ಹಾಗೂ ಸಾರ್ವಜನಿಕರಿಗೆ ಕೆಳಕಂಡಂತೆ ಸೂಚಿಸಲಾಗಿದೆ:

1. ಚಪ್ಪಲಿ ತೋರಿದ ಸಹನೆಯನ್ನು ಅದರ ಮಾಲೀಕರ ಸಹನೆಯೆಂದು ಪರಿಗಣಿಸತಕ್ಕದ್ದಲ್ಲ.

2. ಮೂಗಿನ ಮೇಲೆ ಕೂತ ನೊಣವನ್ನು ಓಡಿಸಿದವರು ಅರ್ಜಿದಾರರು; ಓಡಿಸದವರು ಕಲಾವಿದರು. ನೊಣವನ್ನು ಕಚೇರಿಯಿಂದಲೇ ಒದಗಿಸಲಾಗುವುದು.

3. ಕದಲದೆ ಕುಳಿತಿರುವ ಸಿಬ್ಬಂದಿಯನ್ನೂ ಪ್ರದರ್ಶನದ ಭಾಗವೆಂದು ಭಾವಿಸಿ ಪ್ರೇಕ್ಷಕರು ಫೋಟೋ ತೆಗೆಯುವುದನ್ನು ನಿಷೇಧಿಸಿದೆ. ಸದರಿ ಸಿಬ್ಬಂದಿ ಕರ್ತವ್ಯದಲ್ಲಿರುತ್ತಾರೆ.

4. "ಇದು ಕಲೆ ಅಲ್ಲ ಕಣಪ್ಪಾ, ಮಂಡಿ ನೋವು! ಅವನ ಕೈಲಿರೋದು ನನ್ ಖಾತೆ, ಕಿತ್ಕೊಡ್ರೀ ಸಾರ್!" ಎಂಬ ಮುನಿಲಕ್ಷ್ಮಮ್ಮನವರ ಹೇಳಿಕೆಗೆ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿರುವುದರಿಂದ, ಅದನ್ನು ದೂರೆಂದು ದಾಖಲಿಸಲು ಅವಕಾಶವಿರುವುದಿಲ್ಲ.

5. ಕಲಾವಿದರ ಮುಷ್ಟಿ ಬಿಡಿಸಲು ಬಲಪ್ರಯೋಗ ಮಾಡತಕ್ಕದ್ದಲ್ಲ. ಕಚಗುಳಿಯ ವಿಷಯದಲ್ಲಿ ನಿಯಮಗಳು ಮೌನವಾಗಿರುವುದರಿಂದ ಮೇಲಧಿಕಾರಿಗಳ ಸ್ಪಷ್ಟೀಕರಣ ಕೋರಲಾಗಿದೆ. ಅಲ್ಲಿಯವರೆಗೆ ಮುನಿಲಕ್ಷ್ಮಮ್ಮನವರು ಕಾಯತಕ್ಕದ್ದು.

ಸಹಿ/-
(ಅಂಜನಮೂರ್ತಿ)
ಪ್ರಭಾರ ಅಧೀಕ್ಷಕರು
(ಕುಳಿತು ಸಹಿ ಮಾಡಲಾಗಿದೆ)

ಪ್ರತಿಗಳು:
1. ಪಕ್ಕದ ಕಬ್ಬಿನ ಹಾಲಿನ ಅಂಗಡಿಯವರಿಗೆ, ನೊಣ ಸರಬರಾಜಿಗಾಗಿ.
2. ಶ್ರೀ ನಿತೀಶ್ ಅವರಿಗೆ, ಖಾಲಿಯಿರುವ ಎಡಗೈಗೆ.
3. ಶ್ರೀಮತಿ ಮುನಿಲಕ್ಷ್ಮಮ್ಮ ಅವರಿಗೆ. ಸ್ಪಷ್ಟೀಕರಣ ಬರುವ ಮುನ್ನವೇ ಸದರಿಯವರು ಕಲಾವಿದರ ಕಂಕುಳಿಗೆ ಕೈ ಹಾಕಿ, ಖಾತೆ ಪಡೆದು ಮನೆಗೆ ತೆರಳಿರುವುದರಿಂದ ಪ್ರತಿ ತಲುಪಿರುವುದಿಲ್ಲ. ಅವಸರದಲ್ಲಿ ಬಿಟ್ಟುಹೋದ ಚಪ್ಪಲಿ ಈಗಲೂ ಸರದಿಯಲ್ಲಿದೆ.