ನಾನು ಕೋಬಾಲ್ ತೆಗೆಸಿದ ಕತೆ

ಹಳೇದನ್ನ ತೆಗೆಸಿ ಹೊಸದನ್ನ ಹಾಕಿಸೋ ಕೆಲಸದಲ್ಲಿರೋರು ನಗೆಪಾಟಲಾಗೋದಕ್ಕೆ ಕಷ್ಟಪಡಬೇಕಾಗಿಲ್ಲ, ತಾನಾಗೇ ಆಗುತ್ತೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ನನಗೆ ಅದೇ ಕೆಲಸ. ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯ ಸ್ಟೋರ್‌ನಲ್ಲಿ ಕೋಬಾಲ್ ಅನ್ನೋ ಹಳೇ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಇಪ್ಪತ್ತು ವರ್ಷದಿಂದ ಓಡ್ತಿತ್ತು. ಅದನ್ನ ಯಾಕೆ ಬದಲಾಯಿಸಬೇಕು ಅಂತ ಯಜಮಾನರನ್ನ ಒಪ್ಪಿಸೋ ವರದಿ ಬರೆದವನು ನಾನು.

ಹಳೇದು ನಿಧಾನ

ವರದಿಯ ಮೊದಲನೇ ಕಾರಣ ಇದು. ಸಾಬೀತು ಮಾಡೋಕೆ ಲ್ಯಾಪ್‌ಟಾಪ್ ಹಿಡಿದು ಹೋದೆ. ಸ್ಟೋರ್ ನೋಡಿಕೊಳ್ತಿದ್ದವರು ಹಾವೇರಿ ಕಡೆಯ ಹಿರಿಯರು. ಯಜಮಾನರ ಮುಂದೆ ಅವರು ಕಪ್ಪು ಪರದೆಯಲ್ಲಿ ಒಂದು ಸಾಮಾನಿನ ನಂಬರ್ ಒತ್ತಿದರು. ಬೆರಳು ಎತ್ತೋದ್ರೊಳಗೆ ಉತ್ತರ ಬಂತು. ನನ್ನದರಲ್ಲಿ ಒಂದು ಚಕ್ರ ತಿರುಗ್ತಾನೇ ಇತ್ತು.

"ಏನ್ರೀ ಇದು?" ಅಂದರು ಯಜಮಾನರು.

"ಲೋಡ್ ಆಗ್ತಿದೆ ಸಾರ್."

ಸ್ಟೋರಿನ ಅಣ್ಣ ಮೆಲ್ಲಗೆ ಕೇಳಿದರು: "ಅಲ್ಲೀತನಕ ಚಾ ತರಸ್ಲೇನ್ರಿ?"

ಬಲ್ಲವರು ಸಿಗುವುದಿಲ್ಲ

ಇದು ಎರಡನೇ ಕಾರಣ. ವರದಿ ಓದಿ ಹೇಳೋ ದಿನ ಮೀಟಿಂಗಿನಲ್ಲಿ ಒಬ್ಬ ವಯಸ್ಸಾದ ಮೇಡಂ ಕೂತಿದ್ದರು. ಆ ಪ್ರೋಗ್ರಾಂ ಬರೆದು, ಈಗ ನಿವೃತ್ತರಾಗಿದ್ದವರು.

"ಸಿಗಲ್ಲ ಅಂತ ಬರ್ದಿದೀರ. ಹುಡುಕಿದ್ರಾ?"

"ಇಲ್ಲ ಮೇಡಂ."

"ನನ್ನ ಫೋನ್ ನಂಬರ್ ಸ್ಟೋರಿನ ಗೋಡೆ ಮೇಲೇ ಇದೆಯಲ್ಲಪ್ಪಾ!"

ಎಲ್ಲರೂ ನಕ್ಕರು. ಆಮೇಲೆ ಅವರು ಒಂದು ಮಾತು ಹೇಳಿದರು: "ಒಳಗಿನ ಲೆಕ್ಕಾಚಾರ ಚೆನ್ನಾಗಿದೆ, ಅದನ್ನ ಮುಟ್ಟಬೇಡಿ. ಮುಂದಕ್ಕೆ ಹೊಸ ಪರದೆ ಹಾಕ್ಕೊಡಿ, ಸಾಕು." ಸರಿಯಾದ ಮಾತು. ನನಗೂ ಗೊತ್ತಿತ್ತು. ಆದರೆ ನಮ್ಮ ಮ್ಯಾನೇಜರ್‌ಗೆ ಇಡೀ ಕೆಲಸ ಬೇಕಿತ್ತು, ಅವರು ಪಕ್ಕದಲ್ಲೇ ಕೂತಿದ್ದರು. ನಾನು ಬಾಯಿ ಬಿಡಲಿಲ್ಲ. ವರದಿ ಪಾಸಾಯಿತು. ಮ್ಯಾನೇಜರ್ ಬೆನ್ನು ತಟ್ಟಿ, "ಸಕ್ಕತ್ತಾಗಿ ಮಾತಾಡ್ದೆ ಗುರು" ಅಂದರು.

ಬೇಡದ ಸಾಲುಗಳು

ಹಳೇ ಪ್ರೋಗ್ರಾಂನಲ್ಲಿ ಒಂದು ವಿಚಿತ್ರ ಸಾಲಿತ್ತು. ನಂಬರ್‌ನಲ್ಲಿ ಆರೋ ಒಂಬತ್ತೋ ಬಂದರೆ "ಸರಿಯೇ?" ಅಂತ ಇನ್ನೊಮ್ಮೆ ಕೇಳ್ತಿತ್ತು. ಯಾಕೆ ಅಂತ ಯಾರನ್ನೂ ಕೇಳದೆ ಕಿತ್ತುಹಾಕಿದೆ.

ಹೊಸದು ಶುರುವಾಗಿ ಎರಡೇ ತಿಂಗಳು. ರಬ್ಬರ್ ವಾಷರ್ ಬರಬೇಕಿದ್ದ ದಿನ ಲಾರಿ ತುಂಬ ಕಬ್ಬಿಣದ ಚಕ್ರ ಬಂದು ನಿಂತಿತು. ಆರ್ಡರ್ ಹಾಕುವಾಗ ಸ್ಟೋರಿನ ಅಣ್ಣ ಆರರ ಜಾಗದಲ್ಲಿ ಒಂಬತ್ತು ಒತ್ತಿದ್ದರು. ಅವರು ಒಂದು ಚಕ್ರ ಎತ್ತಿ ನೋಡಿ, "ವಾಷರ್ ಇಷ್ಟ್ ದಪ್ಪ ಯಾವಾಗ ಆದ್ವು?" ಅಂದರಂತೆ. ಯಜಮಾನರು ನಗಲಿಲ್ಲ. ಮರುದಿನವೇ ಅಣ್ಣನನ್ನ ಸ್ಟೋರಿಂದ ತೆಗೆದು ಗೇಟ್ ಕಾಯೋಕೆ ಹಾಕಿದರು.

ಮೇಡಂಗೆ ಫೋನ್ ಮಾಡಿದಾಗ ವಿಷಯ ತಿಳೀತು. "ಅವರಿಗೆ ಕಣ್ಣು ಮಂಜು. ಹೇಳ್ಕೊಂಡ್ರೆ ಕೆಲಸ ಹೋಗುತ್ತೆ ಅನ್ನೋ ಭಯ. ಅದಕ್ಕೇ ಆ ಸಾಲು ಹಾಕಿದ್ದೆ."

ಯಜಮಾನರ ಹತ್ತಿರ ಹೋಗಿ ತಪ್ಪು ನನ್ನದು ಅಂತ ಒಪ್ಪಿಕೊಂಡೆ. ಅವರು ಆ ಪ್ರಶ್ನೆಯನ್ನ ವಾಪಸ್ ಹಾಕಿಸಿದರು, ಅಣ್ಣನನ್ನ ಮಾತ್ರ ವಾಪಸ್ ಕರೆಸಲಿಲ್ಲ. ಸ್ಟೋರಿನಲ್ಲಿ ಆಗಲೇ ಬೇರೆಯವರು ಕೂತಿದ್ದರು.

ಹೊರಡುವಾಗ ಗೇಟಿನಲ್ಲಿ ನಿಂತೆ. "ನನ್ನಿಂದ ಹಿಂಗಾಯ್ತು ಅಣ್ಣ, ಕ್ಷಮಿಸಿ."

"ಬಿಡ್ರಿ ಸರ, ಇಲ್ಲಿ ಗಾಳಿ ಚಲೋ ಬರ್ತೈತಿ," ಅಂದರು. ಆಮೇಲೆ ಗೇಟಿನ ಚಿಲಕ ಎಳೀತಾ ಸೇರಿಸಿದರು: "ನಿಮ್ಮ ಹೊಸಾ ಪ್ರೋಗ್ರಾಂ ರಿಪೇರಿಗೆ ಮೇಡಮ್ಮಾರು ವಾರಕ್ಕ ಮೂರ್ ಸಲ ಬರ್ತಾರ. ಗೇಟ್ ತಗೀಲಿಕ್ಕೆ ಒಬ್ಬ ಕಾಯಂ ಮನಷ್ಯಾ ಬೇಕಾಗಿತ್ರಿ. ನಿಮ್ಮಿಂದ ನನ್ ನೌಕರಿ ಗಟ್ಟಿ ಆತು!"